ಮಗ್ಗದ ಕೋಣೆಗೆ ಬಂದ ಏಳು ಗಿಟಾರು

ಆ ತಂಡದ ಹಾಡನ್ನು ನಮ್ಮ ಮನೆಗೆ ತಂದವಳು ನಾನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರಿಗೂ ಇದು ನೆನಪಿರುವುದಿಲ್ಲ. ನಾನಾಗ ಎರಡನೇ ಪಿಯುಸಿ. ಮೊಳಕಾಲ್ಮೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಯಲ್ಲಿ, ಇನ್ನೊಂದು ಚಿಕ್ಕಪ್ಪನ ಮಗಳ ಕಿವಿಯಲ್ಲಿ. ನನಗಿಂತ ಮೂರು ವರ್ಷ ಚಿಕ್ಕವಳು. ರಾಜ್ಯದ ಯಾವ ಕಾಲೇಜಿನಲ್ಲಿ ಕೇಳಿದರೂ ಹುಡುಗರು ಹೆಸರು ಹೇಳುವ ರಾಕ್ ತಂಡ ಅದು. ನಾನಿಲ್ಲಿ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅಭಿಮಾನಿಗಳಾಗಿಬಿಡುತ್ತೀರಿ, ನನ್ನ ತಕರಾರನ್ನು ಅರ್ಧ ಕಿವಿಯಲ್ಲಿ ಕೇಳುತ್ತೀರಿ. ಹಾಡು ಮುಗಿದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಅವಳು ಇಯರ್‌ಫೋನ್ ತೆಗೆದು ಕೈಯಲ್ಲಿ ಹಿಡಿದು, “ಅಕ್ಕ, ಅದರಾಗೆ ಒಂದು ತಂತಿ ಸ್ವಲ್ಪ ಇಳಿದೈತೆ” ಅಂದಳು.

ನಾನು ನಕ್ಕು ಪುರಾವೆ ಕೇಳಿದೆ. ಅವಳ ಬಳಿ ಪುರಾವೆ ಇರಲಿಲ್ಲ. ವಾದ ನಾನೇ ಗೆದ್ದೆ.

ಗೆಲ್ಲುವುದು ನನಗೆ ಅಷ್ಟರಲ್ಲಾಗಲೇ ಅಭ್ಯಾಸವಾಗಿತ್ತು. ಹೈಸ್ಕೂಲಿನಿಂದ ಎಂ.ಎ. ಮುಗಿಯುವವರೆಗೆ ಚರ್ಚಾ ಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ ಮಾತಾಡಿ ತಂದ ಕಪ್ಪುಗಳು ನಮ್ಮನೆಯ ಟಿ.ವಿ. ಪಕ್ಕದಲ್ಲಿ ಇನ್ನೂ ನಿಂತಿವೆ. ಈಗ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಕ್ಕಳಿಗೆ ಪಾಠದ ಜೊತೆ ಚರ್ಚೆಯನ್ನೂ ಕಲಿಸುತ್ತೇನೆ. ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದು ಹೇಗೆ ಎಂದು ಹೇಳಿಕೊಡುತ್ತೇನೆ. ನಮ್ಮ ಮಾತಿನ ಬಿರುಕನ್ನು ಮುಚ್ಚಿಕೊಳ್ಳುವುದು ಹೇಗೆ ಎಂಬುದನ್ನೂ ಹೇಳಿಕೊಡುತ್ತೇನೆ.

ಆ ತಂಡದ ಗಿಟಾರುಗಳ ವಿಷಯದಲ್ಲಿ ನನ್ನನ್ನು ಸೋಲಿಸುವವರು ಇರಲಿಲ್ಲ. ಗಿಟಾರ್ ನುಡಿಸುವವನು ತನ್ನ ವೇದಿಕೆಯ ಸಾಮಾನುಗಳನ್ನು ಒಂದೊಂದಾಗಿ ತೋರಿಸುವ ವಿಡಿಯೋಗಳನ್ನು ಅದೆಷ್ಟು ಸಲ ನೋಡಿದ್ದೇನೋ. ಒಟ್ಟು ಏಳು ಗಿಟಾರು. ಬಲಗೈ ಉಜ್ಜಿ ಉಜ್ಜಿ ಬಣ್ಣ ಹೋಗಿ ಒಳಗಿನ ಮರ ಕಾಣುವ ಕಪ್ಪು ಗಿಟಾರು. ಒಮ್ಮೆ ಬಿದ್ದು ತಲೆ ಮುರಿದು, ಅಂಟು ಹಾಕಿ ಕೂಡಿಸಿದ ಜೇನುಬಣ್ಣದ್ದು. ಇಡೀ ಕಾರ್ಯಕ್ರಮದಲ್ಲಿ ಒಂದೇ ಒಂದು ಹಾಡಿಗಾಗಿ ಹೊರಗೆ ಬರುವ ಹನ್ನೆರಡು ತಂತಿಯದ್ದು. ದಪ್ಪ ತಂತಿ ಕಟ್ಟಿ ಕೆಳಸ್ವರಕ್ಕೆ ಇಳಿಸಿದ ಬಿಳಿಯದು. ಕಾಲಡಿ ಇಡುವ ಪೆಡಲುಗಳ ಹಲಗೆಯಲ್ಲಿ ಯಾವುದನ್ನು ತುಳಿದರೆ ದನಿ ಒಡೆಯುತ್ತದೆ, ಯಾವುದನ್ನು ತುಳಿದರೆ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ ಎಂಬುದೂ ಬಾಯಿಪಾಠ. ಯಾವ ಹಾಡಿಗೆ ಯಾವ ಗಿಟಾರು ಎಂದು ಮುಖ ಕಾಣದ ಜನರೊಡನೆ ಫೋನಿನಲ್ಲಿ ಟೈಪು ಮಾಡಿ ಜಗಳವಾಡಿದ್ದೇನೆ. ಒಂದು ಗಿಟಾರನ್ನೂ ಮುಟ್ಟಿರಲಿಲ್ಲ, ಅದು ಬೇರೆ ಮಾತು.

ತಂಗಿಗೆ ಆ ಹಾಡುಗಳು ಹಿಡಿಸಲೇ ಇಲ್ಲ. ಇವತ್ತಿಗೂ ಹಿಡಿಸುವುದಿಲ್ಲ. ನನ್ನ ಮೊದಲ ಆಕ್ಷೇಪಣೆ ಇದೇ.

ಹತ್ತನೇ ತರಗತಿ ಮುಗಿಸಿ ಅವಳು ಓದು ಬಿಟ್ಟಳು. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ಮುಗಿದಾಗ, ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಎಲ್ಲದರ ಬಿಗಿಯೂ ಒಂದೇ ಆಗಿರಬೇಕು. ಎಳೆ ಜಾರದಂತೆ ಬೂದಿ ಹಚ್ಚಿದ ಬೆರಳಲ್ಲಿ ಅವಳು ಅದನ್ನು ಮಾಡುವುದನ್ನು ನೋಡಿದರೆ ಎಲ್ಲೋ ನೋಡುತ್ತಾ ಏನೋ ಯೋಚಿಸುತ್ತಿದ್ದಾಳೆ ಅನ್ನಿಸುತ್ತಿತ್ತು. ಆಮೇಲೆ ಚಳ್ಳಕೆರೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ವೈರು ಸುತ್ತುವುದು, ಮದುವೆ ಮನೆಯ ಸ್ಪೀಕರಿಗೆ ಬೆಸುಗೆ ಹಾಕುವುದು. ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಸಂಜೆ ನಾನು ವಿಡಿಯೋ ನೋಡುತ್ತಿದ್ದರೆ ಅವಳು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು.

ದೊಡ್ಡಉಳ್ಳಾರ್ತಿ ಕಾವಲಿನ ಕಡೆ ಸಂಶೋಧನಾ ಸಂಸ್ಥೆಗಳು ಬಂದಿವೆಯಲ್ಲ, ಅಲ್ಲೊಂದು ಕಡೆ ವಾರ್ಷಿಕ ಸಮಾರಂಭಕ್ಕೆ ಆ ತಂಡ ಬಂತು. ಸ್ಪೀಕರು ನಮ್ಮ ತಂಗಿಯ ಅಂಗಡಿಯದು. ನನಗೆ ಪಾಸು ಸಿಗಲಿಲ್ಲ. ಬೇಲಿಯಾಚೆ, ಕುರಿ ಮೇಯಿಸುವವರ ಪಕ್ಕದಲ್ಲಿ ನಿಂತು ನಾನು ದೂರದ ವೇದಿಕೆ ನೋಡುತ್ತಿದ್ದೆ. ಅವಳು ವೇದಿಕೆಯ ಮೇಲಿದ್ದಳು. ಪರೀಕ್ಷೆಗೆಂದು ನುಡಿಸುವಾಗ ಕಪ್ಪು ಗಿಟಾರಿನ ತಂತಿ ಕಿತ್ತುಹೋಯಿತಂತೆ. ಗಿಟಾರುಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ತಂಡದವರೂ ಅವರನ್ನು ಸರ್ ಎಂದೇ ಕರೆಯುವುದು. ಅವರ ಎರಡೂ ಕೈ ಬೇರೆ ಕೆಲಸದಲ್ಲಿದ್ದವು. ಇವಳು ಹೊಸ ತಂತಿ ತೆಗೆದುಕೊಂಡು ಏರಿಸಿ, ಉಳಿದ ಐದನ್ನು ಒಮ್ಮೆ ಬೆರಳಲ್ಲಿ ಒತ್ತಿ ನೋಡಿ, ಅವುಗಳ ಬಿಗಿಗೆ ಇದನ್ನು ತಂದಿಟ್ಟಳು. ಅವರು ಸ್ವರ ಅಳೆಯುವ ಯಂತ್ರ ಹಿಡಿದು ನೋಡಿದರೆ ಕೂದಲೆಳೆಯಷ್ಟು ಮಾತ್ರ ವ್ಯತ್ಯಾಸ. ಎಲ್ಲಿ ಕಲಿತೆ ಅಂದರು. ಮಗ್ಗದಾಗೆ ಸರ್ ಅಂದಳು. ನಂಬರು ಬರೆದುಕೊಂಡರು.

ಇದನ್ನು ಅವಳು ನನಗೆ ಹೇಳಿದ್ದು ಮರುದಿನ, ಅದೂ ನಾನೇ ಕೆದಕಿ ಕೇಳಿದ ಮೇಲೆ. ನನ್ನೊಳಗೆ ಏನೋ ಕಿತ್ತುಹೋಯಿತು. ಅದಕ್ಕೆ ತಂತಿಯ ಹೋಲಿಕೆ ಕೊಡುವುದಿಲ್ಲ, ನೇರವಾಗಿ ಹೊಟ್ಟೆಕಿಚ್ಚು. ನಾನು ತರ್ಕ ಹೂಡಿದೆ: ಇದು ಯೋಗ್ಯತೆಯಲ್ಲ, ಆಕಸ್ಮಿಕ. ಆ ತಂತಿ ಕೀಳದಿದ್ದರೆ? ಅವರ ಕೈ ಬಿಡುವಾಗಿದ್ದರೆ? ವಾದ ಗಟ್ಟಿಯಾಗಿಯೇ ಇತ್ತು. ಆದರೆ ಒಂದು ತಿಂಗಳಲ್ಲಿ ಅವಳು ಚೀಲ ತುಂಬಿಕೊಂಡು ಅವರ ಜೊತೆ ಊರೂರು ತಿರುಗಲು ಹೊರಟಳು.

ಆರು ತಿಂಗಳು ನೋಡ್ತೀನಿ ಅಂದಿದ್ದರಂತೆ ಸರ್. ಸರಿ ಅನ್ನಿಸಿದರೆ ಕಾಯಂ, ಜೂನ್ ತಿಂಗಳ ಹೊರದೇಶದ ಪ್ರವಾಸಕ್ಕೂ ಅವಳೇ. ಇಲ್ಲವಾದರೆ ವಾಪಸ್ಸು, ಮೈಕ್‌ಸೆಟ್ ಅಂಗಡಿಗೆ. ಆ ಆರು ತಿಂಗಳ ಕೊನೆಯ ಕಾರ್ಯಕ್ರಮ ಬಂದದ್ದು ಚಳ್ಳಕೆರೆಗೇ, ಒಂದು ಕಾಲೇಜು ಮೈದಾನಕ್ಕೆ. ಈ ಸಲ ನನಗೆ ಪಾಸು ಇತ್ತು, ವೇದಿಕೆಯ ಪಕ್ಕದಲ್ಲೇ ನಿಲ್ಲುವಂಥದ್ದು. ಕೊಟ್ಟವಳು ಅವಳು. ಅದನ್ನು ತೆಗೆದುಕೊಳ್ಳುವಾಗ ನನ್ನ ಕೈಗೆ ಆದದ್ದು ಸಂತೋಷವಲ್ಲ.

ಹಿಂದಿನ ದಿನ ಬಳ್ಳಾರಿಯಲ್ಲಿ ಕಾರ್ಯಕ್ರಮ ಮುಗಿಸಿ ಅವರು ಬರುತ್ತಿದ್ದರು. ಬಳ್ಳಾರಿಯ ವೇದಿಕೆಯಲ್ಲಿ ಹಾಡುವವನಿಗೆ ಮೈಕಿನಿಂದ ಕರೆಂಟು ಹೊಡೆದಿತ್ತಂತೆ. ಅದಕ್ಕೇ ಸರ್ ದೊಡ್ಡ ಲಾರಿಯ ಜೊತೆ ಬೆಳಿಗ್ಗೆಯೇ ಚಳ್ಳಕೆರೆಗೆ ಹೋಗಿ ವೈರಿಂಗ್ ನೋಡುತ್ತಿದ್ದರು. ಗಿಟಾರುಗಳ ವ್ಯಾನಿನಲ್ಲಿ ಡ್ರೈವರು ಮತ್ತು ತಂಗಿ. ಹಾನಗಲ್ ಕ್ರಾಸಿನಲ್ಲಿ ರೇಡಿಯೇಟರ್ ಹೊಗೆಯಾಡಿ ವ್ಯಾನು ನಿಂತಿತು. ಏಪ್ರಿಲ್ ತಿಂಗಳ ಹನ್ನೊಂದು ಗಂಟೆ. ಆ ತಗಡಿನ ಡಬ್ಬಿಯಲ್ಲಿ ಗಿಟಾರು ಬಿಟ್ಟರೆ ಅಂಟು ಬಿಡುತ್ತದೆ, ಮರ ಬಾಗುತ್ತದೆ. ಅಲ್ಲಿಂದ ಮೊಳಕಾಲ್ಮೂರಿನ ನಮ್ಮ ಮನೆ ಹತ್ತು ನಿಮಿಷದ ದಾರಿ; ಕಾಲೇಜಿಗೆ ರಜೆಯೆಂದು ನಾನೂ ಅಲ್ಲೇ ಇದ್ದೆ. ಅವಳು ಸರ್‌ಗೆ ಫೋನು ಮಾಡಿ ಒಪ್ಪಿಗೆ ಪಡೆದಳು: ನೆರಳಲ್ಲಿಡು, ಪೆಟ್ಟಿಗೆ ತೆಗೀಬೇಡ, ನಾಲ್ಕೂವರೆಗೆ ಇಲ್ಲಿರಬೇಕು.

ಹಾಗಾಗಿ ಏಳು ಕಪ್ಪು ಪೆಟ್ಟಿಗೆಗಳು ಲಗೇಜ್ ಆಟೋದಲ್ಲಿ ನಮ್ಮ ಬೀದಿಗೆ ಬಂದವು. ಪಕ್ಕದ ಮನೆಯಾಕೆ ಯಾರಮ್ಮಾ ಸತ್ತಿದ್ದು ಅಂತ ಕೇಳಿದಳು.

ಮನೆಯಲ್ಲಿ ಅತಿ ತಂಪಾದ ಜಾಗ ಮಗ್ಗದ ಕೋಣೆ. ಮಣ್ಣಿನ ಗೋಡೆ, ನೆಲದೊಳಗೆ ಕಾಲಿಳಿಬಿಟ್ಟು ಕೂರುವ ಕುಣಿ ಮಗ್ಗ, ಕಿಟಕಿಗೆ ನೀರು ಚಿಮುಕಿಸಿದ ಗೋಣಿಚೀಲ. ಅವ್ವ ಮತ್ತು ಚಿಕ್ಕವ್ವ ನನ್ನಿವಾಳದಲ್ಲಿ ಒಂದು ಸೀಮಂತಕ್ಕೆ ಹೋಗಿದ್ದರು. ತಾತ ಊಟ ಮಾಡಿ ಪಡಸಾಲೆಯಲ್ಲಿ ಮಲಗಿದ್ದ. ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ತಂಗಿ ಮೆಕ್ಯಾನಿಕ್ ಹುಡುಕಿಕೊಂಡು ಹೊರಟಳು. ಒಮ್ಮೆ ತೆಗೆದು ತೋರಿಸು ಅಂದೆ. ತೆಗೆಯುವಂತಿಲ್ಲ ಅಂದಳು. ಒಂದೇ ಒಂದು, ಆ ಕಪ್ಪನೆಯದು ಅಂದೆ. ಅವಳಿಗೆ ನನ್ನ ಆಸೆ ಗೊತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿದಳು ಕೂಡ.

“ಬ್ಯಾಡ ಅಕ್ಕ. ಇವತ್ತೊಂದು ದಿನ ಸುಸೂತ್ರವಾಗಿ ಮುಗೀಲಿ. ಸಾಯಂಕಾಲ ಅಲ್ಲೇ ಸರ್‌ನ ಕೇಳಿ ನಿನ್ನ ಕೈಗೇ ಕೊಡಿಸ್ತೀನಿ,” ಅಂದು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ, “ನೀನಿದ್ದೀಯ ಅಂತ ಬಿಟ್ಟು ಹೋಗ್ತಿದೀನಿ,” ಅಂದಳು.

ನನ್ನ ಕೈಗೆ ಅವಳು ಕೊಡಿಸುತ್ತಾಳೆ. ಈ ವಾಕ್ಯವನ್ನು ನಾನು ಬಾಯಲ್ಲಿ ಹೊರಳಿಸುತ್ತಾ ಕೂತೆ. ಅವಳು ಬೀದಿ ತಿರುಗಿದ ಮೇಲೆ ಎದ್ದು ಹೋಗಿ ಮೊದಲ ಪೆಟ್ಟಿಗೆಯ ಕೊಂಡಿ ತೆಗೆದೆ.

ಕಪ್ಪನೆಯದು ಅದರಲ್ಲೇ ಇತ್ತು. ಬಣ್ಣ ಹೋದ ಜಾಗ ವಿಡಿಯೋದಲ್ಲಿ ಕಂಡದ್ದಕ್ಕಿಂತ ದೊಡ್ಡದು, ಮುಟ್ಟಿದರೆ ಒರಳಿನ ಒಳಮೈಯಂತೆ ನುಣುಪು. ಆಮೇಲೆ ಉಳಿದವನ್ನೂ ತೆಗೆದೆ, ಏಳನ್ನೂ. ಪ್ರತಿ ಗಿಟಾರಿನ ತಲೆಗೆ ಒಂದು ಸುತ್ತು ರೇಷ್ಮೆ ಎಳೆ ಕಟ್ಟಿತ್ತು, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ಅರಿಶಿನ. ಯಾವುದನ್ನು ಯಾವ ಸ್ವರಕ್ಕೆ ಕಟ್ಟಬೇಕೆಂಬುದಕ್ಕೆ ಅವಳ ಗುರುತು. ನಮ್ಮ ಮನೆಯ ಎಳೆ. ಆ ಗಿಟಾರುಗಳ ಬಗ್ಗೆ ಎಲ್ಲ ಬಲ್ಲ ನನಗೆ ಗೊತ್ತಿಲ್ಲದ ಒಂದೇ ವಿವರ ಅದು, ಅದನ್ನು ಹಾಕಿದವಳು ಅವಳು. ಕಪ್ಪು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ವಿಡಿಯೋದಲ್ಲಿ ನೋಡಿದಂತೆ ಎಡಗೈ ಬೆರಳು ಒತ್ತಿ ಬಲಗೈಯಿಂದ ಎಳೆದೆ. ಬಂದದ್ದು ಸ್ವರವಲ್ಲ, ತಗಡಿನ ಸದ್ದು. ಇನ್ನೊಮ್ಮೆ ಒತ್ತಿದೆ. ಬೆರಳು ಉರಿಯಿತು. ಏಳೆಂಟು ವರ್ಷ ವಾದ ಮಾಡಿದ್ದಕ್ಕೆ ಒಂದು ಶುದ್ಧ ಸದ್ದೂ ಇಲ್ಲ.

ಸದ್ದಿಗೆ ತಾತ ಎದ್ದು ಬಂದ.

ತಾತನಿಗೆ ಎಂಬತ್ತು ದಾಟಿದೆ. ಮನೆಯಲ್ಲಿ ಹಿರಿಯರ ಮಾತು ತೆಲುಗು. ನನ್ನೊಬ್ಬಳ ಜೊತೆ ಮಾತ್ರ ಅವನು ಕನ್ನಡದಲ್ಲಿ ಮಾತಾಡುವುದು, ಯಾಕೆಂದರೆ ನಾನು ಸಣ್ಣವಳಿದ್ದಾಗಿನಿಂದ ಅವನ ಜೊತೆ ಜಗಳ ಆಡಿದ್ದೆಲ್ಲ ಕನ್ನಡದಲ್ಲೇ. ಅವನ ಪ್ರತಿ ಕಟ್ಟಳೆಯನ್ನೂ ನಾನು ಪ್ರಶ್ನಿಸಿದ್ದೇನೆ. ಅದರಲ್ಲಿ ಮುಖ್ಯವಾದದ್ದು ಸಡಿಲ ಬಿಡುವುದು. ಮಗ್ಗದಿಂದ ಎದ್ದು ಹೋಗುವಾಗ, ಅರ್ಧ ದಿನಕ್ಕಾದರೂ ಸರಿ, ಹಾಸಿನ ಬಿಗಿ ಇಳಿಸಿ ಹೋಗಬೇಕು. ಬೇಸಿಗೆಯಲ್ಲಂತೂ ಊಟಕ್ಕೆ ಎದ್ದರೂ ಇಳಿಸಬೇಕು. ಯಾರೂ ಕೂರದ ಮಗ್ಗದಲ್ಲಿ ಎಳೆಗಳು ಬಿಗಿದುಕೊಂಡೇ ಇದ್ದರೆ ರೇಷ್ಮೆ ದಣಿಯುತ್ತದೆ ಎಂಬುದು ಅವನ ಮಾತು. ರೇಷ್ಮೆಗೆ ದಣಿವಾಗುತ್ತದೆ ಅನ್ನೋದಕ್ಕೆ ಆಧಾರ ಏನು ತಾತ ಎಂದು ನಾನು ಹತ್ತನೇ ವಯಸ್ಸಿನಲ್ಲೇ ಕೇಳಿದ್ದೆ. ನಿನ್ನ ಜಡೆ ಹಿಡಿದು ಮಧ್ಯಾಹ್ನದವರೆಗೆ ಎಳೆದಿಡ್ಲಾ ಅಂದಿದ್ದ.

ಅವನು ಪೆಟ್ಟಿಗೆಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಿಳಿ ಗಿಟಾರಿನ ತಂತಿಯನ್ನು ತೋರುಬೆರಳ ಬೆನ್ನಿನಿಂದ ಒತ್ತಿ ನೋಡಿದ. ಮುಖ ಸಣ್ಣದಾಯಿತು.

“ಇಷ್ಟು ಬಿಗಿಯಾಗೇ ಬಿಟ್ಟು ಹೋಗವ್ಳಲ್ಲಮ್ಮಾ. ಈ ಬಿಸಿಲಾಗೆ. ಎಷ್ಟೊತ್ತಿಗೆ ಬೇಕಂತೆ ಇವು?”

ಸಾಯಂಕಾಲಕ್ಕೆ ಅಂದೆ.

“ಅಲ್ಲೀಗಂಟ ಹಿಂಗೇ ಜಗ್ಗಿಸ್ಕೊಂಡು ಇರಬೇಕಾ? ಅವಸರದಾಗೆ ಮರ್ತವ್ಳೆ. ಇಳಿಸಿಬಿಡ್ಲಾ?” ಕೈ ಬಿರಡೆಯ ಹತ್ತಿರ ಹೋಗಿ ನಿಂತಿತು. “ನಂಗೇನು ಗೊತ್ತಾಯ್ತದೆ. ನೀನು ದಿನಾ ಫೋನಾಗೆ ಇವನ್ನೇ ನೋಡ್ತಿರ್ತೀಯ. ಇಳಿಸಬಹುದು ತಾನೇ?”

ಗಿಟಾರನ್ನು ಹಾಗೆ ಇಳಿಸುವಂತಿಲ್ಲ. ನನಗೆ ಅದು ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ತಂತಿಗಳ ಎಳೆತಕ್ಕೂ ಒಳಗಿನ ಮರ, ಸ್ಪ್ರಿಂಗುಗಳಿಗೂ ಒಂದು ತೂಕ ಕೂಡಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಇಳಿಸಿದರೆ ಮತ್ತೆ ಏರಿಸಿದ ಸ್ವರ ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ, ಎರಡು ಮೂರು ಸಲ ಸುತ್ತಬೇಕು. ಕಪ್ಪು ಗಿಟಾರಿಗಂತೂ ತಂತಿಗಳ ಬುಡ ಕೂರುವ ಸೇತುವೆಯೇ ಸ್ಪ್ರಿಂಗಿನ ಮೇಲೆ ತೇಲುತ್ತಿರುತ್ತದೆ. ಇಳಿಸಿದರೆ ಅದು ಕುಸಿದು ಕೂರುತ್ತದೆ. ಇದನ್ನೆಲ್ಲ ಅಪರಿಚಿತರಿಗೆ ನಾನು ಪುಟಗಟ್ಟಲೆ ಬರೆದಿದ್ದೇನೆ. ತಾತನಿಗೆ ಹೇಳಲು ಒಂದು ಶಬ್ದ ಸಾಕಿತ್ತು. ಬೇಡ.

ನಾನು ಏನೂ ಹೇಳಲಿಲ್ಲ. ಮರೆತೆ, ಗಾಬರಿಯಾಯಿತು, ಮಾತು ಹೊರಡಲಿಲ್ಲ ಎಂಬ ಸಬೂಬುಗಳು ನನ್ನ ಬಳಿ ಇವೆ. ಅವುಗಳಲ್ಲಿ ಯಾವುದೂ ನಿಲ್ಲುವುದಿಲ್ಲ. ನಾನು ಸಂಜೆಯ ವೇದಿಕೆಯನ್ನು ಕಣ್ಣಮುಂದೆ ತಂದುಕೊಂಡೆ, ಅವಳು ಪೆಟ್ಟಿಗೆ ತೆಗೆಯುವುದನ್ನು, ಸರ್ ನೋಡುವುದನ್ನು. ಅದು ಹಿತವಾಗಿತ್ತು. ನಾನು ನೆಲ ನೋಡುತ್ತಾ ಕೂತೆ. ಮೌನವನ್ನು ತಾತ ಒಪ್ಪಿಗೆ ಎಂದು ತಿಳಿದ. ಇಷ್ಟು ವರ್ಷದಲ್ಲಿ ನಾನು ಅವನನ್ನು ತಡೆಯದೆ ಬಿಟ್ಟದ್ದೇ ಇಲ್ಲವಲ್ಲ.

ಅವನು ಕೆಲಸ ಮಾಡಿದ್ದು ಶ್ರದ್ಧೆಯಿಂದ. ಪಂಚೆಗೆ ಕೈ ಒರೆಸಿಕೊಂಡು, ಒಂದೊಂದು ಬಿರಡೆಯನ್ನೂ ಎಣಿಸಿ ಅಷ್ಟೇ ಸುತ್ತು ತಿರುಗಿಸಿ, ಎಲ್ಲ ತಂತಿಗಳೂ ಒಂದೇ ಹದಕ್ಕೆ ಇಳಿಯುವಂತೆ ಮಾಡಿದ. ಹನ್ನೆರಡು ತಂತಿಯದಕ್ಕೆ ಹೊತ್ತು ಹಿಡಿಯಿತು. ಕೊನೆಗೆ ಒದ್ದೆ ಬಟ್ಟೆ ಹೊದಿಸಲು ಹೊರಟ. ಅಷ್ಟು ಮಾತ್ರ ಬೇಡವೆಂದು ತಡೆದೆ. ಪೆಟ್ಟಿಗೆಗಳನ್ನು ನಾನೇ ಮುಚ್ಚಿದೆ.

ತಂಗಿ ಮೂರೂವರೆಗೆ ಗ್ರೀಸು ಮೆತ್ತಿದ ಕೈಯಲ್ಲಿ ಬಂದು, ಪೆಟ್ಟಿಗೆಗಳನ್ನು ಮುಟ್ಟಿ ಎಣಿಸಿ, ತಂಪಾಗೇ ಐತೆ ಎಂದು ಸಂತೋಷಪಟ್ಟಳು. ತಾತ ಆಗ ಮತ್ತೆ ಮಲಗಿದ್ದ. ವ್ಯಾನಿನಲ್ಲಿ ಡ್ರೈವರಿನ ಪಕ್ಕ ಇಬ್ಬರೂ ಒತ್ತಿಕೊಂಡು ಕೂತೆವು. ತಳಕು ದಾಟುವವರೆಗೆ ಅವಳು ಜೂನ್ ತಿಂಗಳ ಮಾತಾಡಿದಳು: ಪಾಸ್‌ಪೋರ್ಟಿನ ಫೋಟೋದಲ್ಲಿ ತನ್ನ ಮುಖ ಪೊಲೀಸ್ ಠಾಣೆಯ ಗೋಡೆಗೆ ಅಂಟಿಸಿದ ಹಾಗೆ ಬಂದಿದೆಯಂತೆ, ವಿಮಾನದಲ್ಲಿ ಗಿಟಾರು ಸಾಗಿಸುವಾಗ ಎಷ್ಟು ಇಳಿಸಬೇಕೆಂದು ಸರ್ ಹೇಳಿಕೊಟ್ಟಿದ್ದಾರಂತೆ. ಆಗ ನಾನು ಹೇಳಬಹುದಿತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆ ಬರುವವರೆಗೂ ನನಗೆ ಹೊತ್ತಿತ್ತು.

ನಾಲ್ಕು ಮುಕ್ಕಾಲಿಗೆ ಮೈದಾನ. ಆರಕ್ಕೆ ಕಾರ್ಯಕ್ರಮ, ಮೈಕು ಒಂಬತ್ತಕ್ಕೆ ನಿಲ್ಲಬೇಕೆಂದು ಕಾಲೇಜಿನವರ ಕಟ್ಟಪ್ಪಣೆ, ಹಾಗಾಗಿ ತಡವಾಗುವಂತಿಲ್ಲ. ವೇದಿಕೆಯ ಹಿಂಬದಿಯ ಮೇಜಿನ ಮೇಲೆ ಅವಳು ಮೊದಲ ಪೆಟ್ಟಿಗೆ ತೆಗೆದಳು. ತಂತಿಗಳು ಒಣಹಾಕಿದ ನೂಲಿನಂತೆ ಜೋತಾಡುತ್ತಿದ್ದವು. ಎರಡನೆಯದು ತೆಗೆದಳು. ಮೂರನೆಯದು. ಏಳನ್ನೂ ತೆಗೆದಳು.

“ಅಕ್ಕ, ಯಾರು ಮುಟ್ಟಿದ್ರು?”

“ತಾತ,” ಅಂದೆ. ಸತ್ಯವನ್ನೇ ಹೇಳಿದೆ. ಅರ್ಧ ಸತ್ಯದಿಂದ ಗೆಲ್ಲುವುದನ್ನು ನಾನು ಮಕ್ಕಳಿಗೆ ಹೇಳಿಕೊಡುವುದಿಲ್ಲ, ಆದರೆ ನನಗೆ ಬರುತ್ತದೆ.

ಅವಳು ಕಣ್ಣು ಮುಚ್ಚಿ ತೆಗೆದಳು. ಅಷ್ಟರಲ್ಲಿ ಸರ್ ಬಂದರು, ಬೆವರಿ, ಕೈಯಲ್ಲಿ ಟೆಸ್ಟರು. ಮೇಜು ನೋಡಿದರು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನೇ ಇಳಿಸಿದೆ ಸರ್, ಬಿಸಿಲಿತ್ತು ಅಂತ, ಎಂದು ಅವಳು ಹೇಳಿದಳು. ತಾತನ ಹೆಸರು ಎತ್ತಲಿಲ್ಲ. ಅವರು ಅವಳನ್ನೇ ನೋಡಿ, ಐದು ಮುಕ್ಕಾಲಕ್ಕೆ ಎಲ್ಲವೂ ಸ್ಟ್ಯಾಂಡಿನ ಮೇಲಿರಬೇಕು ಎಂದಷ್ಟೇ ಹೇಳಿ ಜನರೇಟರಿನ ಕಡೆ ಹೋದರು. ಸಹಾಯಕ್ಕೆ ಯಾರನ್ನೂ ಕೊಡಲಿಲ್ಲ.

ಆಮೇಲಿನ ಐವತ್ತು ನಿಮಿಷವನ್ನು ನಾನು ಎರಡು ಮಾರು ದೂರದಲ್ಲಿ ನಿಂತು ನೋಡಿದೆ. ತಂತಿ ಏರಿಸುವುದು, ಅಂಗೈಯನ್ನು ಅಡಿಗೆ ತೂರಿಸಿ ಮೆಲ್ಲಗೆ ಮೇಲಕ್ಕೆಳೆಯುವುದು, ಜಾರಿದಷ್ಟನ್ನು ಮತ್ತೆ ಏರಿಸುವುದು. ಹಾಸಿನ ಎಳೆಗಳನ್ನು ಹದಕ್ಕೆ ತರುವಾಗ ಮಾಡುವ ಅದೇ ಕೈಯಾಟ. ಒಂದರಲ್ಲಿ ಸ್ವರ ಕೂರುವವರೆಗೆ ಕಾಯದೆ ಇನ್ನೊಂದಕ್ಕೆ ಹೋಗಿ, ಮರಳಿ ಬಂದು, ಏಳರ ಸುತ್ತ ತಿರುಗುತ್ತಿದ್ದಳು. ತಲೆಗೆ ಕಟ್ಟಿದ ಎಳೆಯ ಬಣ್ಣ ನೋಡಿದರೆ ಸಾಕು, ಎಷ್ಟಕ್ಕೆ ಏರಿಸಬೇಕೆಂದು ಕೈಗೇ ಗೊತ್ತಿತ್ತು. ಯಂತ್ರವನ್ನು ಕೊನೆಯಲ್ಲಿ ಮಾತ್ರ ಹಚ್ಚುತ್ತಿದ್ದಳು. ಹನ್ನೆರಡು ತಂತಿಯದರಲ್ಲಿ ಒಂದು ಕಿತ್ತು ಕೆನ್ನೆಗೆ ಹೊಡೆಯಿತು. ಒರೆಸಿಕೊಳ್ಳದೆ ಹೊಸದು ಹಾಕಿದಳು. ನನ್ನ ಜೀವಮಾನದಲ್ಲಿ ನಾನು ಯಾವ ಕೆಲಸವನ್ನೂ ಅಷ್ಟು ಚೆನ್ನಾಗಿ ಮಾಡಿಲ್ಲ ಎಂದು ನನಗೆ ಅಲ್ಲೇ ತಿಳಿಯಿತು. ತಪ್ಪಿಗಿಂತ ಮೊದಲು ನನ್ನನ್ನು ಚುಚ್ಚಿದ್ದು ಅದು.

ಐದು ಮುಕ್ಕಾಲಕ್ಕೆ ಆರು ಗಿಟಾರುಗಳು ಸ್ಟ್ಯಾಂಡಿನ ಮೇಲಿದ್ದವು. ಕಪ್ಪನೆಯದು ನಿಲ್ಲಲಿಲ್ಲ. ಒಂದು ತಂತಿ ಏರಿಸಿದರೆ ಐದು ಇಳಿಯುತ್ತಿದ್ದವು. ಅವಳು ಅದನ್ನು ಪೆಟ್ಟಿಗೆಗೆ ಹಾಕಿ, ನೇರ ಗಿಟಾರ್ ನುಡಿಸುವವನ ಬಳಿ ಹೋಗಿ, ಇವತ್ತು ಇದು ಆಗಲ್ಲ ಸರ್, ಮೊದಲ ಹಾಡಿಗೆ ಜೇನುಬಣ್ಣದ್ದು ತಗೊಳ್ಳಿ ಎಂದು ಹೇಳಿದಳು. ಅವನು ಭುಜ ಕುಣಿಸಿದ, ಮುಖ ಗಂಟಿಕ್ಕಿಕೊಂಡೇ ವೇದಿಕೆ ಹತ್ತಿದ. ಮೈದಾನದಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನನಗೆ ತಿಳಿಯಿತು. ಎಷ್ಟೋ ವರ್ಷ ಕಾದ ಹಾಡನ್ನು ವೇದಿಕೆಯ ಬದಿಯಲ್ಲೇ ನಿಂತು ಕೇಳಿದೆ. ಬೇರೆ ಗಿಟಾರಿನಲ್ಲಿ, ನನ್ನದೇ ದೆಸೆಯಿಂದ.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸರ್ ಒಬ್ಬರೇ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರು. ನಾನು ಎದುರಿಗೆ ಕೂತು ನನ್ನ ಪರಿಚಯ ಹೇಳಿ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ ತೆಗೆದದ್ದು ನಾನು, ತಾತ ಕೇಳಿದಾಗ ಸುಮ್ಮನಿದ್ದದ್ದು ನಾನು, ತಿಳಿದೂ ಸುಮ್ಮನಿದ್ದೆ. ಚೆನ್ನಾಗಿಯೇ ಹೇಳಿದೆ, ಎಲ್ಲೂ ತಡವರಿಸಲಿಲ್ಲ. ರಾತ್ರಿಯೇ ತಯಾರಿ ಮಾಡಿಕೊಂಡಿದ್ದೆ. ಅವರು ಮೆಣಸಿನಕಾಯಿ ಬಜ್ಜಿ ಮುರಿಯುತ್ತಾ ಕೇಳಿದರು.

“ಅವಳು ಇಳಿಸಿಲ್ಲ ಅಂತ ನನಗೆ ನಿನ್ನೆನೇ ಗೊತ್ತಿತ್ತು,” ಅಂದರು. “ಇಳಿಸಿದವರ ಕೈ ಚೆನ್ನಾಗಿದೆ, ಆದ್ರೆ ಅವಳದಲ್ಲ. ನಾನು ನೋಡಬೇಕಾಗಿದ್ದಿದ್ದು ಆಮೇಲೆ ಅವಳು ಏನ್ ಮಾಡ್ತಾಳೆ ಅಂತ. ಆಗದೇ ಇರೋದನ್ನ ಆಗಲ್ಲ ಅಂತ ಹೋಗಿ ಹೇಳಿದ್ಲಲ್ಲ, ಅದು ಸಾಕು. ಜೂನಿಗೆ ಬರ್ತಾಳೆ.” ಕೈ ತೊಳೆಯಲು ಎದ್ದವರು ನಿಂತು, “ನಿಮ್ಮ ಈ ಮಾತೆಲ್ಲ ನನ್ನ ಹತ್ರ ಯಾಕೆ ಹೇಳ್ತಿದೀರಿ? ಅವಳ ಹತ್ರ ಹೇಳಿ,” ಅಂದರು.

ಲೆಕ್ಕ ನೋಡಿ. ನಾನು ಅವಳನ್ನು ಬೀಳಿಸಲು ಬಿಟ್ಟ ಕಲ್ಲು ಅವಳಿಗೆ ಮೆಟ್ಟಿಲಾಯಿತು. ಅವಳು ಉಳಿದಳೆಂಬ ಸಮಾಧಾನ ನಿಜವಾಗಿಯೂ ಆಯಿತು, ಇಲ್ಲವೆನ್ನುವುದಿಲ್ಲ; ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಎದ್ದಿತು, ಮೊದಲಿಗಿಂತ ಜೋರಾಗಿ. ಎರಡೂ ಒಂದೇ ಬೆಂಚಿನ ಮೇಲೆ ಕೂತಿದ್ದವು.

ವ್ಯಾನಿಗೆ ಸಾಮಾನು ಏರಿಸುತ್ತಿದ್ದ ತಂಗಿಯ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಈ ಸಲ ತಯಾರಿಯ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಪೆಟ್ಟಿಗೆ ತೆಗೆದೆ ಅನ್ನುವವರೆಗೂ ಅವಳು ಬೆಲ್ಟು ಬಿಗಿಯುತ್ತಲೇ ಇದ್ದಳು. ಆಮೇಲೆ ನಿಂತಳು.

“ತಾತ ನಿನ್ನ ಕೇಳಿದ್ನಾ?”

“ಕೇಳ್ದ. ಇಳಿಸಬಹುದಾ ಅಂತ.”

“ನೀನೇನಂದೆ?”

“ಏನೂ ಅನ್ಲಿಲ್ಲ.”

“ನೀನು,” ಅಂದಳು, “ಏನೂ ಅನ್ಲಿಲ್ಲ.”

ಪ್ರಶ್ನೆಯಾಗಿರಲಿಲ್ಲ. ತಾನು ಹುಟ್ಟಿದಾಗಿನಿಂದ ನನ್ನನ್ನು ನೋಡಿದವಳು. ಉಪ್ಪಿಟ್ಟಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಎಂಬುದಕ್ಕೂ ಅರ್ಧ ಗಂಟೆ ಮಾತಾಡುವ ಅಕ್ಕ ಆ ಹೊತ್ತಿನಲ್ಲಿ ಯಾಕೆ ಸುಮ್ಮನಿದ್ದಳೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆನ್ನೆಯ ಮೇಲೆ ತಂತಿ ಹೊಡೆದ ಗೆರೆ ಕೆಂಪಗಿತ್ತು. ಬೈಯಲಿ ಎಂದು ಕಾದೆ; ಬೈದರೆ ಉತ್ತರ ಕೊಡಬಹುದು. ಅವಳು ಬೈಯಲಿಲ್ಲ.

“ತಾತಂಗೆ ಹೇಳಬ್ಯಾಡ,” ಅಂದಳು. “ಅವಂದೇನು ತಪ್ಪಿಲ್ಲ. ಒಳ್ಳೇದಾಯ್ತು ಅನ್ನು. ಕೇಳೇ ಕೇಳ್ತಾನೆ.” ಕೊನೆಯ ಪೆಟ್ಟಿಗೆಯನ್ನು ಒಳಗೆ ತಳ್ಳಿ ಬಾಗಿಲು ಹಾಕಿ, “ಇನ್ನು ಮ್ಯಾಲೆ ನಿನ್ನ ಹತ್ರ ಏನನ್ನೂ ಬಿಟ್ಟು ಹೋಗಲ್ಲ ಅಕ್ಕ,” ಅಂದಳು. ಕೋಪವಿಲ್ಲದೆ, ಬಸ್ಸಿನ ಹೊತ್ತು ಹೇಳುವ ಹಾಗೆ.

ನಾನು ಊರಿಗೆ ಬಂದಾಗ ತಾತ ಮಗ್ಗದಲ್ಲಿದ್ದ. ಲಾಳಿ ನಿಲ್ಲಿಸಿ, ಚೆನ್ನಾಗಿ ನುಡಿದವಾ, ಇಳಿಸಿದ್ದು ಒಳ್ಳೇದಾಯ್ತಾ ಎಂದು ಕೇಳಿದ. ಒಳ್ಳೇದಾಯ್ತು ಅಂದೆ. ಅವನು ನನ್ನ ಮುಖವನ್ನೇ ನೋಡಿ, ಜ್ವರ ಏನಾದ್ರೂ ಬಂದೈತಾ ಅಂದ.

ಈಗ ಅವಳು ಕಾಯಂ. ಹೊರದೇಶದಿಂದ ಬರುವಾಗ ನನಗೊಂದು ಬಟ್ಟೆ ತಂದಳು, ಒಳ್ಳೆಯದೇ. ಊರಿಗೆ ಬಂದರೆ ಅಕ್ಕ ಅಂತಲೇ ಕರೆಯುತ್ತಾಳೆ, ಊಟಕ್ಕೆ ಪಕ್ಕದಲ್ಲೇ ಕೂರುತ್ತಾಳೆ. ಸ್ನಾನಕ್ಕೆ ಹೋಗುವಾಗ ಫೋನನ್ನೂ ಬ್ಯಾಗನ್ನೂ ತನ್ನ ಅವ್ವನ ಕೈಗೆ ಕೊಟ್ಟು ಹೋಗುತ್ತಾಳೆ. ನಾನು ಹತ್ತಿರದಲ್ಲೇ ಕೂತಿರುತ್ತೇನೆ.

ತಾತ ಮಾತ್ರ ಊರಿಗೆಲ್ಲ ಸಾರುತ್ತಿದ್ದಾನೆ. ಆ ದೊಡ್ಡ ತಂಡದವರ ವಾದ್ಯಗಳನ್ನು ಹದ ಮಾಡಿ ಕಳಿಸಿದ್ದು ತಾನು, ಅದಕ್ಕೇ ಆವತ್ತು ಅಷ್ಟು ಚೆಂದ ನುಡಿದವು, ಅದಕ್ಕೇ ಮೊಮ್ಮಗಳನ್ನು ಕಾಯಂ ಮಾಡಿಕೊಂಡರು. ಕಳೆದ ವಾರ ದೇವಸಮುದ್ರದ ಬಸ್ಸಿನಲ್ಲಿ ಪಕ್ಕದ ಸೀಟಿನ ಗೌಡರಿಗೆ ಪೂರ್ತಿ ಕಥೆ ಹೇಳಿದ, ಬಿರಡೆ ತಿರುಗಿಸುವುದನ್ನು ಗಾಳಿಯಲ್ಲಿ ಮಾಡಿ ತೋರಿಸುತ್ತಾ. ಅದರಲ್ಲಿ ಒಂದು ಮಾತೂ ನಿಲ್ಲುವಂಥದ್ದಲ್ಲ. ಮೂರು ವಾಕ್ಯದಲ್ಲಿ ನಾನದನ್ನು ಕೆಡವಬಲ್ಲೆ. ಗೌಡರಿಗೆ ನಂಬಿಕೆ ಬರಲಿಲ್ಲ. ಸುಮ್ನಿರಿ ಯಜಮಾನ್ರೇ, ನಿಮಗೂ ಗಿಟಾರಿಗೂ ಎತ್ತಣ ಸಂಬಂಧ ಅಂದರು. ತಾತ ನನ್ನ ಕಡೆ ತಿರುಗಿದ.

“ಇವಳು ಕಾಲೇಜಾಗೆ ಮೇಡಮ್ಮು. ಸುಳ್ಳು ಅಂದ್ರೆ ಇವಳಿಗೆ ಆಗಾಕಿಲ್ಲ. ಇವಳ್ನೇ ಕೇಳ್ರಿ.”

ಗೌಡರು ನನ್ನನ್ನು ನೋಡಿದರು. ನಿಜ ಅಂದೆ.